ವಾಷಿಂಗ್ ಮಷೀನಿನ ಕೆಳಗಿನ ಎರಡನೆಯ ಭಾಗ

ಮೇಲಿನ ಮನೆಯ ಮಾಲೀಕರಿಗೆ, ಕೆಳಗಿನ ಮನೆಯವಳ ನಮಸ್ಕಾರ.

ಈ ಪತ್ರ ಬಚ್ಚಲಿನ ನಲ್ಲಿಯ ಬಗ್ಗೆ ಅಲ್ಲ. ಅದು ಇನ್ನೂ ಸೋರುತ್ತಿದೆ, ಸೋರಲಿ.

ನಮ್ಮ ಅಡುಗೆಮನೆ ಕಪಾಟಿನ ಮುರಿದ ಕಾಲಿನಡಿ ನೀವು ಒಂದು ದಪ್ಪ ಪುಸ್ತಕ ಇಟ್ಟಿದ್ದಿರಿ. ಬಡಗಿ ಕಾಲು ಸರಿಮಾಡಿದ ಮೇಲೆ ಅದನ್ನು ಒರೆಸಿ, ಒಲೆಯ ಮುಂದೆ ನಿಂತು ಗಟ್ಟಿಯಾಗಿ ಓದತೊಡಗಿದೆ. ಮಾಯಾಲೋಕದ ಕಥೆಗಳೆಲ್ಲ ಮಕ್ಕಳಿಗೆ ಎಂದುಕೊಂಡಿದ್ದವಳು ನಾನು. ಎರಡೇ ಪುಟಕ್ಕೆ ಹಾಲು ಉಕ್ಕಿತು.

ಮಾವ ತೀರಿಕೊಂಡ ಮೇಲೆ ಕೋಣೆ ಬಿಟ್ಟು ಬಾರದಿದ್ದ ಅತ್ತೆ ಒಳಗಿನಿಂದಲೇ, "ಮಾತಾಡೋ ಬಾಗಿಲಂತೆ. ನಮ್ಮನೆ ಬಾಗಿಲು ಸರಿಯಾಗಿ ಮುಚ್ಕೊಂಡ್ರೆ ಸಾಕಾಗಿತ್ತು" ಎಂದರು. ಮರುದಿನ ಹೊಸ್ತಿಲಿಗೆ ಬಂದು ನಿಂತರು. ಈಗ ಅಡುಗೆಮನೆಯಲ್ಲಿ ಅವರಿಗೊಂದು ಕುರ್ಚಿಯಿದೆ. ನಾನು ಒಂದು ಸಾಲು ಹಾರಿಸಿದರೂ ಹಿಡಿಯುತ್ತಾರೆ.

ಸತ್ತ ಗಂಡನನ್ನು ಕರೆತರಲು ರಾಣಿ ನೆರಳುಗಳ ನಾಡಿಗೆ ಕಾಲಿಡುವಲ್ಲಿಗೆ ಆ ಪುಸ್ತಕ ಮುಗಿದಿದೆ. ಎರಡನೆಯ ಭಾಗ ನಿಮ್ಮ ವಾಷಿಂಗ್ ಮಷೀನಿನ ಕೆಳಗಿದೆ. ನಲ್ಲಿಯ ದೂರು ಹೇಳಲು ಬಂದಾಗ ನೋಡಿದೆ. ನನ್ನ ಗಂಡನ ಕೈಯಲ್ಲಿ ಒಂದು ಇಟ್ಟಿಗೆ ಕಳಿಸಿದ್ದೇನೆ. ಅಷ್ಟೇ ದಪ್ಪವಿದೆ, ದಯವಿಟ್ಟು ಅದಲುಬದಲು ಮಾಡಿಕೊಡಿ.

ಕಥೆಯ ಕೊನೆ ನಿಮಗೆ ಗೊತ್ತಿದ್ದರೂ ನನ್ನ ಗಂಡನೆದುರು ಹೇಳಬೇಡಿ. ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ಮಾವನ ಕೋಟನ್ನು ಯಾರಿಗಾದರೂ ಕೊಡೋಣವೆಂದು ಅತ್ತೆಯೇ ಮಡಿಸಿಟ್ಟಿದ್ದರು. ನಿನ್ನೆ ಅದನ್ನು ಮತ್ತೆ ಮೊಳೆಗೆ ತೂಗುಹಾಕಿ, "ಆ ರಾಣಿ ಕರ್ಕೊಂಡು ಬರ್ತಾಳಾ ನೋಡೋಣ, ಆಮೇಲೆ ಕೊಟ್ರಾಯ್ತು" ಎಂದರು.

ಇಂತಿ,
ಮೆಟ್ಟಿಲ ಕೆಳಗೇ ಕಾಯುತ್ತಿರುವ
ನಿಮ್ಮ ಬಾಡಿಗೆಯವಳು