ಕೈ ಹಿಡಿದವರ ಮಾತು

ಜೂನ್ 10, ಮಂಗಳವಾರ

ಮತ್ತೆ ಅದೇ ಕ್ಲಾಸು. ವಿಕಲಚೇತನ ಮಕ್ಕಳಿಗೆ, ಒಬ್ಬೊಬ್ಬರಿಗೂ ಅವರದೇ ಕಲಿಕೆಯ ಯೋಜನೆ ಬರೆಯುವುದು ಹೇಗೆ ಅಂತ ಟೀಚರುಗಳಿಗೆ ಹೇಳಿಕೊಡುವುದು. ಪ್ರೊಜೆಕ್ಟರ್ ಕೈಕೊಟ್ಟಿತು. ಎಲ್ಲರದೂ ಒಂದೇ ಗುರಿ — 'ಮಗುವಿನ ಆತ್ಮವಿಶ್ವಾಸ ಹೆಚ್ಚಿಸುವುದು'. ಹೆಚ್ಚಿದ್ದು ಹೇಗೆ ಗೊತ್ತಾಗುತ್ತೆ ಎಂದರೆ ಎಲ್ಲರೂ ಪುಸ್ತಕಕ್ಕೆ ತಲೆ ಬಗ್ಗಿಸಿದರು. "ಚಮಚ ಹಿಡೀತಾಳೆ ಅಂತ ಬರೀರಿ. ಯಾರ ಸಹಾಯ, ಎಷ್ಟು ಸಹಾಯ, ಅದನ್ನೂ ಬರೀರಿ" — ಗಂಟಲು ಹರಿದುಕೊಂಡೆ.

ಒಬ್ಬರದು ಮಾತ್ರ ಬೇರೆ. ಹಿಂದಿನ ಬೆಂಚಿನ ನಗುಮುಖದ ಟೀಚರ್. ಅವರ ಹುಡುಗಿಗೆ ಒಂಬತ್ತು ವರ್ಷ. ಹುಟ್ಟಿದಾಗಿನಿಂದ ಮಾತಿಲ್ಲ, ಪೆನ್ಸಿಲ್ ಹಿಡಿದವಳಲ್ಲ. ಗುರಿ: 'ಅಕ್ಷರದ ಬೋರ್ಡಿನ ಮೇಲೆ ಬೆರಳಿಟ್ಟು ತನ್ನ ಅಭಿಪ್ರಾಯ ಹೇಳುತ್ತಾಳೆ.' ಈಗಾಗಲೇ ಹೇಳುತ್ತಾಳಂತೆ. ಸಹಾಯ ಎಂಬ ಕಡೆ — 'ಮಣಿಕಟ್ಟಿಗೆ ಮೃದುವಾದ ಆಸರೆ.'

ಮಣಿಕಟ್ಟಿಗೆ. ಹ್ಞೂಂ.

ಜೂನ್ 11

ಮನೆಯವರಿಗೆ ಹೇಳಿದೆ. "ನಿನಗೆ ಹಾಲು ಕೊಟ್ರೂ ಸುಣ್ಣದ ನೀರಾ ಅಂತ ಮೂಸ್ತೀಯ" ಅಂದರು.

"ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಗಾದೆ ಮಾಡಿದ್ದು ನಾನಲ್ಲ."

ಪೇಪರ್ ಮುಖಕ್ಕೆ ಅಡ್ಡ ಹಿಡಿದರು. ಮಾತು ಮುಗಿಯಿತು ಅಂತ ಅರ್ಥ.

ಜೂನ್ 19, ಗುರುವಾರ

ಶಾಲೆಗೇ ಹೋಗಿ ನೋಡಿದೆ. ಪುಟ್ಟ ರೂಮು, ನೆಲಕ್ಕೆ ರಬ್ಬರ್ ಚಾಪೆ. ಟೀಚರ್ ಹುಡುಗಿಯ ಪಕ್ಕ ಕೂತು ಮಣಿಕಟ್ಟು ಹಿಡಿದರು. ಬೆರಳು ಓಡಿತು: 'ಅಮ್ಮ ಅಳಬೇಡ. ನನಗೆ ಎಲ್ಲ ಅರ್ಥವಾಗುತ್ತೆ.' ಅಮ್ಮ — ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ, ಅರ್ಧ ದಿನ ರಜೆ ಹಾಕಿ ಬಂದಿದ್ದರು — ಕರ್ಚೀಫು ಬಾಯಿಗೆ ಒತ್ತಿಕೊಂಡರು. ನಾನೂ ಕನ್ನಡಕ ತೆಗೆದು ಒರೆಸಿಕೊಂಡೆ, ಸುಳ್ಳೇಕೆ.

ಆದರೆ ಹುಡುಗಿ ಬೋರ್ಡ್ ನೋಡುತ್ತಲೇ ಇರಲಿಲ್ಲ. ಕಿಟಕಿ ಪರದೆ ಅಲ್ಲಾಡುವುದನ್ನು ನೋಡುತ್ತಿದ್ದಳು. ನೋಡದೆ, ಒಂದೇ ಬೆರಳಲ್ಲಿ, ಸರಿಯಾದ ಅಕ್ಷರ? ಜೀವಮಾನವೆಲ್ಲ ಟೈಪಿಂಗ್ ಮಾಡಿದ ನನ್ನಪ್ಪನೂ ಒಂದೇ ಬೆರಳಲ್ಲಿ ಕುಟ್ಟುವಾಗ ಕೀಲಿ ನೋಡುತ್ತಿದ್ದ.

ಬೋರ್ಡ್ ನೋಡುತ್ತಿದ್ದವರು ಟೀಚರ್.

ಹೇಳೋಣವೆಂದುಕೊಂಡೆ. ಅಮ್ಮನ ಮುಖ ನೋಡಿ ಬ್ಯಾಗು ಎತ್ತಿಕೊಂಡು ಹೊರಟುಬಂದೆ.

ಜುಲೈ 7, ಸೋಮವಾರ

ಹುಡುಗಿಯ ಅಮ್ಮನ ಫೋನು. ಬೋರ್ಡ್ ಹೊಸ ಮಾತು ಹೇಳಿದೆಯಂತೆ — 'ಅಜ್ಜಿ ಹೊಡೆಯುತ್ತಾಳೆ.' ಹುಡುಗಿಯ ಮುಂಗೈ ಮೇಲೆ ಕಂದಿದ ಗುರುತುಗಳೂ ಇವೆ. ಅಜ್ಜಿ ಎಂದರೆ ಇವರ ಅತ್ತೆ. ಇವರು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವುದು ಅವರೇ. ಗಂಡ ಮರುದಿನವೇ ತಾಯಿಯನ್ನು ತಮ್ಮನ ಮನೆಗೆ ಬಿಟ್ಟು ಬಂದಿದ್ದಾನೆ.

"ಇದನ್ನ ಯೋಜನೇಲಿ ಹೇಗೆ ಸೇರಿಸೋದು ಮೇಡಂ?"

"ಅವಳು ಒಬ್ಬಳೇ ಬೋರ್ಡ್ ಮುಟ್ಟಿದ್ದನ್ನ ಯಾವತ್ತಾದ್ರೂ ನೋಡಿದೀರಾ?"

"ಒಬ್ಬಳೇ ಹೇಗಾಗುತ್ತೆ? ಕೈಗೆ ಬಲ ಇಲ್ವಲ್ಲ."

ಬಲವಿಲ್ಲದ ಆ ಕೈ, ನಾನು ಶಾಲೆಗೆ ಹೋದ ದಿನ, ನನ್ನ ಬ್ಯಾಗಿನ ಜಿಪ್ಪು ಎಳೆದು ತೆಗೆದಿತ್ತು.

ಈಗ ಅನುಮಾನ ಎರಡು ಕಡೆ. ಬೋರ್ಡ್ ಸುಳ್ಳಾದ ಮಾತ್ರಕ್ಕೆ ಅಜ್ಜಿ ಒಳ್ಳೆಯವರು ಅಂತೇನೂ ಆಗುವುದಿಲ್ಲ. ಗುರುತು ಎಲ್ಲಿಂದ ಬಂತು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಇಲ್ಲಿ ಪ್ರತ್ಯಕ್ಷವೂ ಇಲ್ಲ.

ಜುಲೈ 9, ಸಂಜೆ

ಅಜ್ಜಿಯನ್ನು ನೋಡಿ ಬಂದೆ. ಕಿರಿಮಗನ ಮನೆಯ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದರು. ನೇರ ಕೇಳಿದೆ. ಮೊಮ್ಮಗಳಿಗೆ ಹೊಡೆದಿದ್ದೀರಾ?

"ನೆನಪಿಲ್ಲಮ್ಮ. ಒಂದ್ಸಲ ರಸ್ತೆ ದಾಟೋವಾಗ ರಟ್ಟೆ ಹಿಡಿದು ಎಳ್ದಿದ್ದೆ. ಅದನ್ನೇ ಹೇಳಿದ್ಲೇನೋ."

"ಹಾಗಾದ್ರೆ ಒಪ್ಕೋತೀರಾ?"

"ಅವಳೇ ಹೇಳಿದ್ಲಲ್ಲ!" ಮುಖ ಅರಳಿತು. "ಹುಟ್ಟಿದಾಗಿಂದ ಕಾಯ್ತಿದೀನಿ, ಒಂದ್ಸಲ ಅಜ್ಜಿ ಅಂತಾಳಾ ಅಂತ. ಬೈಕೊಂಡೇ ಅನ್ಲಿ ಬಿಡು. ಸರಿಯಾಗಿ ಹೇಳಮ್ಮ, ಅಜ್ಜಿ ಅಂತಾನೇ ಅಂದ್ಲಾ?"

ಕೈಗೆ ಸಿಕ್ಕಿದ ಟವೆಲ್ ಮಡಚಿಕೊಟ್ಟೆ. ಮೆಟ್ಟಿಲಿಳಿಯುವಾಗ — ಇದೂ ನಾಟಕವಿರಬಹುದಾ ಅಂತ ಯೋಚನೆ. ಎಂಥ ಹೆಂಗಸು ನಾನು.

ಜುಲೈ 14

ಪರೀಕ್ಷೆ ಮಾಡಿದೆ. ಟೀಚರ್ ತಕ್ಷಣ ಒಪ್ಪಿದರು — ಅದೇ ನನಗೆ ವಿಚಿತ್ರ. ಹುಡುಗಿಗೊಂದು ಚಿತ್ರ, ಟೀಚರಿಗೊಂದು ಚಿತ್ರ, ನಡುವೆ ರಟ್ಟು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದು. ಇಬ್ಬರಿಗೂ ಒಂದೇ ಚಿತ್ರ ತೋರಿಸಿದಾಗ ಬೋರ್ಡ್ ಸರಿಯಾಗಿ ಹೇಳಿತು. ಆಮೇಲೆ ಹುಡುಗಿಗೆ ಬಾಚಣಿಗೆ, ಟೀಚರಿಗೆ ದೋಣಿ. ಬೆರಳು ಬರೆಯಿತು: ದೋಣಿ. ಹುಡುಗಿಗೆ ಚೆಂಡು, ಟೀಚರಿಗೆ ಕೊಡೆ. ಬೆರಳು: ಕೊಡೆ. ಮತ್ತೆ. ಮತ್ತೆ. ಪ್ರತಿಸಲವೂ ಟೀಚರಿಗೆ ಕಂಡದ್ದೇ.

ರಟ್ಟು ತೆಗೆದು ತೋರಿಸಿದೆ. ನಗುಮುಖ ಬಿಳಿಚಿಕೊಂಡಿತು. "ನಾನು ಬರೀಲಿಲ್ಲ ಮೇಡಂ. ಅವಳ ಕೈಯೇ ಎಳೀತಿತ್ತು. ನನಗೆ ಗೊತ್ತಾಗ್ತಿತ್ತು..."

ನಂಬಿದೆ. ನಾನು! ಮೋಸಗಾರರ ಮುಖ ಹಾಗೆ ಬಿಳಿಚುವುದಿಲ್ಲ.

"ಅಜ್ಜಿ ವಿಷಯ?"

ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿದರು. "ಗುರುತು ನೋಡಿದ್ದೆ. ಯಾರು ಮಾಡಿರಬಹುದು ಅಂತ ತಲೇಲಿ ಅದೇ ಕೊರೀತಿತ್ತು."

ಅಷ್ಟರಲ್ಲಿ ಶಾಲೆಯ ಬೆಲ್ಲು. ಹುಡುಗಿ ಬೆಚ್ಚಿ, ಮುಂಗೈಗೆ ಬಾಯಿ ಹಾಕಿ ಕಚ್ಚಿಕೊಂಡಳು. ಬಿಡಿಸಲು ಇಬ್ಬರೂ ಬೇಕಾಯಿತು. ಹೊಸ ಗುರುತು ಹಳೆಯದರ ಪಕ್ಕದಲ್ಲೇ. ಅದೇ ಆಕಾರ. ಇಬ್ಬರೂ ನೋಡಿದೆವು.

ಜುಲೈ 15

ಅಮ್ಮನಿಗೆ ಟೀಚರ್ ತಾವೇ ಹೇಳಿದರು. ನಾನು ಪಕ್ಕದಲ್ಲಿ.

"ಅಮ್ಮ ಅಳಬೇಡ ಅಂದಿದ್ದು?"

"ಅದೂ ನಾನೇ."

ಅಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿದರು. "ನಿಮಗೇನು ಸಿಕ್ತು ಮೇಡಂ? ನಾಲ್ಕು ದಿನ ನನ್ನ ಮಗಳು ನನ್ನ ಹತ್ರ ಮಾತಾಡಿದ್ಲು. ಅದನ್ನೂ ಕಿತ್ಕೊಂಡ್ರಿ."

ಆಗಸ್ಟ್ 20

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ.

ಟೀಚರ್ ಕರೆದಿದ್ದರು. ಯೋಜನೆ ಹೊಸದಾಗಿ ಬರೆದಿದ್ದಾರೆ. 'ಎರಡು ಚಿತ್ರದಲ್ಲಿ ತನಗೆ ಬೇಕಾದದ್ದನ್ನು ತಾನೇ ಎತ್ತಿ ಕೊಡುತ್ತಾಳೆ. ಸಹಾಯ: ಯಾರೂ ಮುಟ್ಟುವುದಿಲ್ಲ.' ನನ್ನ ಕ್ಲಾಸಿನಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಬರೆದಿಲ್ಲ. ಕಚ್ಚಿಕೊಳ್ಳುವುದಕ್ಕೂ ಉಪಾಯ ಹುಡುಕಿದ್ದಾರೆ — ಬೆಲ್ಲಿಗೆ ಮೊದಲೇ ಅವಳನ್ನು ಹಿಂದಿನ ಅಂಗಳಕ್ಕೆ ಕರೆದೊಯ್ಯುವುದು.

ಹುಡುಗಿ ಇನ್ನೂ ಕಾರ್ಡ್ ಕೊಡುವುದಿಲ್ಲ. ಬಿಸಾಡುತ್ತಾಳೆ.

"ಬಿಸಾಡೋದಂತೂ ಅವಳೇ ತಾನೇ ಮೇಡಂ" ಅಂದು ನಕ್ಕರು. ಬಹಳ ದಿನದ ಮೇಲೆ.

ಅಜ್ಜಿ ಇನ್ನೂ ಕಿರಿಮಗನ ಮನೆಯಲ್ಲೇ. ಯಾಕೆ ಕರೆಸಿಲ್ಲ ಅಂತ ಟೀಚರ್ ಕೇಳಿದರೆ ಅಮ್ಮ ಅಂದರಂತೆ — "ಅತ್ತೇನ ಕರೆಸಿದ್ರೆ, ಆ ಮಾತೆಲ್ಲ ಸುಳ್ಳು ಅಂತ ನಾನೂ ಒಪ್ಪಿದ ಹಾಗಾಗುತ್ತೆ."

ಸೆಪ್ಟೆಂಬರ್ 12, ಸಂಜೆ

ಟೀಚರ್ ಬಲವಂತಕ್ಕೆ ಇವತ್ತು ಅಮ್ಮ ಅಜ್ಜಿಯನ್ನು ಕರೆದುಕೊಂಡು ಶಾಲೆಗೆ ಬಂದಿದ್ದರು. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಆದರೆ ಒಂದೇ ಆಟೋದಲ್ಲಿ ಬಂದರು. ಅಜ್ಜಿ ಚಾಪೆಯ ಮೇಲೆ ಕೂತರು. ಹುಡುಗಿ ತಲೆ ಎತ್ತಲಿಲ್ಲ.

ಟೀಚರ್ ಎರಡು ಕಾರ್ಡ್ ಇಟ್ಟರು. ಒಂದು ಉಯ್ಯಾಲೆ, ಇನ್ನೊಂದು ಅಜ್ಜಿಯ ಫೋಟೋ. ಇಟ್ಟು ಕೈ ಹಿಂದೆ ಕಟ್ಟಿಕೊಂಡರು. ನಾನೂ ಕಟ್ಟಿಕೊಂಡೆ. ಅಮ್ಮನೂ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಹುಡುಗಿ ಅಜ್ಜಿಯ ಫೋಟೋ ಎತ್ತಿ, ಅಜ್ಜಿಯ ಮಡಿಲಿಗೆ ಹಾಕಿದಳು.

ಹಾಕಿದಳಾ, ಬಿಸಾಡಿದಳಾ?

"ಮೇಡಂ" ಅಂದರು ಅಮ್ಮ. ಕೇಳಿದ್ದು ನನ್ನನ್ನೇ. "ಇದು ಅವಳೇ ತಾನೇ?"

ಯಾರೂ ಮುಟ್ಟಿರಲಿಲ್ಲ. ಕಣ್ಣಾರೆ ಕಂಡಿದ್ದೇನೆ. ಆದರೂ — ಫೋಟೋ ತುಸು ಹತ್ತಿರ ಇಟ್ಟಿದ್ದರಾ? ಅಜ್ಜಿ ಮುಂದಕ್ಕೆ ಬಾಗಿದರಾ? ಒಂದು ಸಲ ಸಾಲದು. ಜಾಗ ಅದಲುಬದಲು ಮಾಡಿ ನೋಡಬೇಕು. ಕ್ಲಾಸಿನಲ್ಲಿ ಬಡಕೊಳ್ಳುವುದೂ ಅದನ್ನೇ.

ಅಜ್ಜಿ ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು.

"ಹೌದು, ಅವಳೇ" ಅಂದೆ.

ಅಂದ ಮರುಕ್ಷಣವೇ ಹುಡುಗಿ ಉಳಿದ ಕಾರ್ಡನ್ನೂ ಎತ್ತಿಕೊಂಡು ನನ್ನ ಕಡೆ ಎಸೆದಳು. ಇದಂತೂ ಬಿಸಾಡಿದ್ದೇ.