ಬೊಂಬೆಯಲ್ಲ, ಗಾಡಿ

ಸೆಪ್ಟೆಂಬರ್ 15, ಭಾನುವಾರ

ಬೆಳಿಗ್ಗೆಯಿಂದ ನನ್ನ ಪ್ಲಾಸ್ಟಿಕ್ ಯುದ್ಧ ಟ್ಯಾಂಕಿನ ಎಡಗಡೆ ಚೈನು. ಒಂದೊಂದು ಪಟ್ಟಿಯೂ ಅಕ್ಕಿಕಾಳಿನಷ್ಟು. ಅಂಟಿಸಿ, ಒಣಗಿಸಿ, ಮತ್ತೆ ಅಂಟಿಸಿ... ಸಂಜೆಗೆ ಕೂತಿತು. ಇನ್ನು ಬಣ್ಣ, ಆಮೇಲೆ ತುಕ್ಕು, ಕೊನೆಗೆ ಮಣ್ಣು.

ಮಣ್ಣೇ ಮುಖ್ಯ. ಹೋದ ವರ್ಷ ಬೆಂಗಳೂರಿನ ಮಾಡೆಲ್ ಪ್ರದರ್ಶನದಲ್ಲಿ ಜಡ್ಜ್ ಮಹಾಶಯ — ಉಗುರಿಗೆ ಒಂದು ದಿನವೂ ಮಣ್ಣು ತಾಗದವನು — ನನ್ನ ಟ್ಯಾಂಕಿನ ಮುಂದೆ ನಿಂತು, ಮಣ್ಣು ಬಳಿದಂತಿದೆ, ಓಡಿಸಿದಂತಿಲ್ಲ ಅಂದ. ಎಲ್ಲರೆದುರು. ಅಕ್ಟೋಬರ್ 13ಕ್ಕೆ ಅದೇ ಹಾಲ್, ಅವನೇ ಜಡ್ಜ್. ಈ ಸಲ ಅವನ ಬಾಯಿ ಮುಚ್ಚಿಸದಿದ್ದರೆ ಬ್ರಷ್ಷು ಬಿಸಾಕುತ್ತೇನೆ.

ಸ್ಟಾಫ್ ರೂಮಿನಲ್ಲಿ ನನಗೆ 'ಆಟದ ಸಾಮಾನು ಡ್ರಾಯಿಂಗ್ ಮೇಷ್ಟ್ರು' ಅಂತ ಹೆಸರು. ಇಟ್ಟವರು ಪಿ.ಟಿ. ಮೇಷ್ಟ್ರು. ವಿಸಿಲ್ ಊದುವುದೊಂದೇ ಅವರಿಗೆ ಬರುವ ಕಲೆ.

ಸೆಪ್ಟೆಂಬರ್ 22, ಭಾನುವಾರ

ಸ್ಕೂಟರಿನಲ್ಲಿ ವಳ್ಳೂರಿಗೆ. ದೊಡ್ಡೇರಿ ಮಣ್ಣು ಎಷ್ಟು ಅರೆದರೂ ಉಂಡೆ ಕಟ್ಟುತ್ತದೆ. ತಾವರೆಕೆರೆಯದು ಕುಂಕುಮದಂತೆ, ನಾಟಕದವರಿಗೆ ಲಾಯಕ್ಕು. ವಳ್ಳೂರಲ್ಲಿ ಸೋಲಾರ್ ಪ್ಲೇಟಿನ ಸಾಲಿನ ಪಕ್ಕ, ಲಾರಿ ತುಳಿದೂ ತುಳಿದೂ ಹಿಟ್ಟಾದ ಧೂಳು ಇದೆ. ಅದು ಮಣ್ಣು!

ಕವರಿಗೆ ತುಂಬುತ್ತಿದ್ದೆ. ವಾಚ್‌ಮನ್ ಬಂದು ತೆಲುಗಿನಲ್ಲಿ, ಮಣ್ಣು ದೇವರಿಗಾ ಅಂತ ಕೇಳಿದ. ಯುದ್ಧದ ಟ್ಯಾಂಕಿಗೆ ಅಂದೆ. ಎರಡು ಹೆಜ್ಜೆ ಹಿಂದೆ ಸರಿದ.

ಮನೆಗೆ ಬಂದು ಟೀ ಜರಡಿಯಲ್ಲಿ ಸೋಸಿದೆ. ಅಕ್ಕನಿಗೆ ಹೇಳಿಲ್ಲ.

ಅಕ್ಟೋಬರ್ 3, ಗುರುವಾರ

ದಸರಾ ರಜೆ. ಅಕ್ಕ ಬೊಂಬೆ ಕೂರಿಸಿದಳು. ಭಾವ ತೀರಿಕೊಂಡ ಮೇಲೆ ಇಲ್ಲೇ ಇದ್ದಾಳೆ. ಅವಳ ಜೊತೆ ಮೂರು ಟ್ರಂಕು ಬೊಂಬೆಯೂ ಬಂದವು. ರಾಜ, ರಾಣಿ, ತಲೆ ಅಲ್ಲಾಡಿಸುವ ಶೆಟ್ಟರು. ಎಲ್ಲರಿಗೂ ಒಂದೇ ಮೂಗು.

ನನ್ನ ಟೇಬಲ್ಲಿನ ಹತ್ತಿರ ನಿಂತು ಕೇಳಿದಳು: "ಹಾಲೇಶ, ಇದನ್ನೂ ಬೊಂಬೆ ಜೊತೆ ಇಡ್ಲೇನ್ಲಾ? ಮೂರ್ನೇ ಮೆಟ್ಲಾಗೆ ಜಾಗ ಐತೆ."

ರೇಗಿತು. "ಬೊಂಬೆ ಅಲ್ಲ ಕಣಕ್ಕ. ಗಾಡಿ. ಗಾಡಿ ಅನ್ನು."

ಗಾಡಿ ಅಂದಳು. ಒಂದನೇ ಕ್ಲಾಸಿನ ಮಗುವಿಗೆ ಹೇಳಿಸಿದಂತೆ ಇನ್ನೊಮ್ಮೆ ಹೇಳಿಸಿದೆ.

ಅಕ್ಟೋಬರ್ 6, ಭಾನುವಾರ

ಟ್ಯಾಂಕು ಚೀಲದಲ್ಲಿಟ್ಟುಕೊಂಡು ಶಿರಾಕ್ಕೆ, ಭೀಮರಾಜು ಹತ್ತಿರ. ಮಿಲಿಟರಿಯಲ್ಲಿ ಟ್ಯಾಂಕ್ ಓಡಿಸಿದ್ದವನು. ಈಗ ಸ್ಕೂಲ್ ವ್ಯಾನು. ಮೀಸೆ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ.

ತಿರುಗಿಸಿ ತಿರುಗಿಸಿ ನೋಡಿದ. "ಎಲ್ಲಾ ಐತೆ ಮೇಷ್ಟ್ರೇ. ಓಡ್ಸೋನೊಬ್ಬ ಇಲ್ಲ."

ಒಳಗೆ ಡ್ರೈವರ್ ಗೊಂಬೆ ಕೂರಿಸಲಾ ಅಂದೆ. ನಕ್ಕ. ಓಡಿಸುವವನಿಗೆ ಗಾಡಿ ಮೇಲೆ ಒಂದು 'ಇದು' ಇರುತ್ತದಂತೆ, ಅದು ಕಾಣಬೇಕಂತೆ. 'ಇದು' ಅಂದರೆ ಏನಪ್ಪಾ ಅಂದರೆ ಇನ್ನೊಂದು ಟೀ ಹೇಳಿದ. ಮಹಾಜ್ಞಾನಿ.

ಅಕ್ಟೋಬರ್ 10, ಗುರುವಾರ

ಮುಗಿಯಿತು. ವಳ್ಳೂರಿನ ಧೂಳು ಚೈನಿನ ಸಂದಿಯಲ್ಲಿ, ಚಕ್ರದ ಅಂಚಿನಲ್ಲಿ, ಹೊಟ್ಟೆಯ ಕೆಳಗೆ ಪದರ ಪದರ. ಇಂಥದ್ದು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನೊಬ್ಬ ಮಾಡಲಿ ನೋಡೋಣ. ಮಾಡುವವರೇ ಇಲ್ಲ, ಅದು ಬೇರೆ.

ಒಣಗಲಿ ಅಂತ ಅಂಗಳದ ಕಟ್ಟೆ ಮೇಲೆ, ಸ್ಕೂಟರ್ ಪಕ್ಕ ಇಟ್ಟೆ. ನಾಳೆ ಆಯುಧಪೂಜೆ. ಗಾಡಿ ತೊಳೆದಿಡು ಅಂತ ಅಕ್ಕನಿಗೆ ಹೇಳಿದೆ. ನನಗೆ ಪುರಸೊತ್ತಿಲ್ಲ, ಬೆಳಿಗ್ಗೆಯೇ ಬಸ್ಸಿನಲ್ಲಿ ಶಿರಾಕ್ಕೆ ಹೋಗಿ ಗಾಜಿನ ಪೆಟ್ಟಿಗೆ ತರಬೇಕು.

ಅಕ್ಟೋಬರ್ 11, ಶುಕ್ರವಾರ, ಸಂಜೆ 5

ತೊಳೆದಿದ್ದಾಳೆ.

ಅದೇ ದಿನ, 7

ಸ್ಕೂಟರು, ಮಿಕ್ಸಿ, ಹೊಲಿಗೆ ಮಿಷನ್ನು, ಕೊನೆಯಲ್ಲಿ ನನ್ನ ಟ್ಯಾಂಕು. ಒಂದೇ ಸಾಲು. ಸೀಗೆಪುಡಿ ಹಾಕಿ, ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ಉಜ್ಜಿದ್ದಾಳೆ. ಮೂರು ವಾರದ ಮಣ್ಣು ಬಚ್ಚಲಿಗೆ. ನೆತ್ತಿಗೆ ಮೂರು ಗೀಟು ವಿಭೂತಿ, ನಡುವೆ ಕುಂಕುಮ. ತೋಪಿನ ಕೊಳವೆಗೆ ಚೆಂಡುಹೂವಿನ ಎಸಳು ಪೋಣಿಸಿದ ನೂಲು. ಚೈನಿನ ಮುಂದೆ ಎರಡೂ ಕಡೆ ಅರಿಶಿನ ಹಚ್ಚಿದ ಒಂದೊಂದು ಸಾಸಿವೆ.

ಇದೇನು ಅಂದೆ.

"ನಿಂಬೆಹಣ್ಣು ಕಣ್ಲಾ. ದೊಡ್ಡದಿಟ್ರೆ ಗಾಡಿನೇ ಮಗುಚ್ಕಳ್ತದೆ."

ಮುಟ್ಟು ಅಂದವರು ಯಾರು ಅಂತ ಕಿರುಚಿದೆ.

"ನೀನೇ ಗಾಡಿ ಅಂದೆ. ಗಾಡಿ ತೊಳೆದಿಡು ಅಂದೆ. ಏಸು ಮಣ್ಣಾಗಿತ್ತು ಅದು... ಎಲ್ಲೆಲ್ಲಿ ಅಲೆದು ಬಂದಿತ್ತೋ ಏನೋ."

ದಡ್ಡತನಕ್ಕೂ ಅರಿಶಿನ ಕುಂಕುಮ ಇಡುವ ಹೆಂಗಸು ಅಂದೆ. ಒಳಗೆ ಹೋದಳು. ಒಬ್ಬಟ್ಟು ಹಾಗೇ ಇದೆ. ಇಬ್ಬರದೂ.

ಅಕ್ಟೋಬರ್ 12, ಶನಿವಾರ

ಫೋಟೋ ತೆಗೆದು ಭೀಮರಾಜುಗೆ ಕಳಿಸಿದೆ. ನಮ್ಮಕ್ಕನ ಘನಕಾರ್ಯ ನೋಡು ಅಂತ. ಅವನಾದರೂ ಜೊತೆಗೆ ನಗಲಿ ಅಂತ. ವಾಯ್ಸ್ ಮೆಸೇಜ್ ಬಂತು.

"ಈಗ ಓಡ್ಸೋರು ಬಂದ್ರು ನೋಡಿ ಮೇಷ್ಟ್ರೇ. ದಸರಾ ದಿನ ನಮ್ ಟ್ಯಾಂಕು ಇಂಗೇ ನಿಂತಿರ್ತಿತ್ತು. ಆದ್ರೆ ನಿಂಬೆಹಣ್ಣು ಇನ್ನೂ ಗುಂಡಗೈತಲ್ಲ. ಮೇಲೆ ಗಾಡಿ ಹತ್ಸಿಲ್ವಾ?"

ಮೂರ್ಖರಿಗೆ ಮೂರ್ಖರೇ ಸಾಕ್ಷಿ. ಮತ್ತೆ ಹಾಕಿ ಕೇಳಿದೆ. ಇನ್ನೊಂದು ಸಲ.

ವಳ್ಳೂರಿನ ಮಣ್ಣು ಅರ್ಧ ಡಬ್ಬ ಉಳಿದಿದೆ. ಕೂತರೆ ಇವತ್ತೇ ಮತ್ತೆ ಬಳಿಯಬಹುದು. ಬಳಿಯಬಹುದು... ಆ ಜಡ್ಜ್ ಅಂದ ಮಾತೇ ಬಾಯಿಗೆ ಬಂತು, ಥೂ. ಟೇಬಲ್ ಲ್ಯಾಂಪ್ ಹಾಕಿ ನೋಡಿದೆ. ಬ್ರಷ್ಷು ಹೋಗದ ಮೂಲೆಯಲ್ಲಿ ಧೂಳು ನಿಂತಿದೆ, ಅದರ ಮೇಲೆ ವಿಭೂತಿಯ ನೀರು ಇಳಿದು ಒಣಗಿದೆ. ಯಾರೋ ಮೈ ತೊಳೆಸಿ ನಿಲ್ಲಿಸಿದ ಹಾಗೆ.

ಚೆನ್ನಾಗಿದೆ ಅಂತ ಬರೆಯುತ್ತಿಲ್ಲ. ಡಬ್ಬದ ಮುಚ್ಚಳ ಹಾಕಿದೆ, ಅಷ್ಟೇ.

ಅಕ್ಟೋಬರ್ 13, ಭಾನುವಾರ, ಬೆಳಿಗ್ಗೆ 5

ಮೊದಲ ಬಸ್ಸಿಗೆ ಹೊರಡಬೇಕು. ಅಕ್ಕ ಉಪ್ಪಿಟ್ಟು ಕಟ್ಟಿಕೊಟ್ಟಳು. ಮೊನ್ನೆಯಿಂದ ಮಾತಿಲ್ಲ. ಪೆಟ್ಟಿಗೆಗೆ ಕೈ ಹಾಕಿದಾಗ ಮಾತ್ರ: "ಹತ್ಸದೇ ಹೊರಡ್ಬ್ಯಾಡ."

ಚೈನು ಅಂಟಿಸಿದ್ದು, ಚಕ್ರ ತಿರುಗುವುದಿಲ್ಲ, ಪ್ಲಾಸ್ಟಿಕ್ಕು ಅಂತ ಕ್ಲಾಸಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡು ಅಡುಗೆಮನೆಗೆ ಹೋದಳು.

ಬಾಗಿಲು ಮುಂದಕ್ಕೆ ಮಾಡಿದೆ. ಟೇಬಲ್ ಮೇಲೆ ಸಾಸಿವೆ ಎರಡನ್ನೂ ಚೈನಿನ ಮುಂದಿಟ್ಟು, ಹಿಂದಿನಿಂದ ಎರಡು ಬೆರಳಲ್ಲಿ ಟ್ಯಾಂಕು ತಳ್ಳಿದೆ. ಎಡಗಡೆಯ ಸಾಸಿವೆ ಟಪ್ ಅಂದಿತು. ಬಲಗಡೆಯದು ಉರುಳಿ ಟೇಬಲ್ ಕೆಳಗೆ ಹೋಯಿತು. ಬಗ್ಗಿ ಹುಡುಕಿದೆ, ಸಿಗಲಿಲ್ಲ.

ಅಡುಗೆಮನೆಯಿಂದ ದನಿ: "ಸಾಸಿವೆ ಡಬ್ಬಿ ಒಲೆ ಪಕ್ಕದಾಗೈತೆ."

ಹೋಗಿ ತಂದೆ. ಅವಳು ಮುಖ ನೋಡಲಿಲ್ಲ, ಅರಿಶಿನದ ಬಟ್ಟಲು ಈ ಕಡೆ ತಳ್ಳಿದಳು. ಬಸ್ಸಿಗೆ ಹೊತ್ತಾಯಿತು. ಇದೊಂದು ಹತ್ತಿಸಿ—