ಪ್ರತಿ ಮರದ ತೂಕ

ತೋಟದ ಶೆಡ್ಡು,
ಶನಿವಾರ, ೧೪ನೇ ತಾರೀಕು

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ಕೊಯ್ಲು ಶುರುವಾದಾಗಿನಿಂದ ಮೂಗು, ಕಿವಿ, ತಲೆಗೂದಲಿನಲ್ಲೆಲ್ಲ ಬಾದಾಮಿ ಸಿಪ್ಪೆಯ ಧೂಳು. ಈ ಹಾಳೆ ಕೊಡವಿದರೆ ನಿನಗೂ ಒಂದು ಸೀನು ಗ್ಯಾರಂಟಿ.

ಅಣ್ಣ ನನಗೊಂದು ಕೆಲಸ ವಹಿಸಿದ್ದಾನೆ. ಹಳೆಯ ಸಾಲುಗಳಲ್ಲಿ ಯಾವ ಮರ ಎಷ್ಟು ಕಾಯಿ ಕೊಡುತ್ತದೆಂದು ಒಂದೊಂದನ್ನೇ ತೂಗಬೇಕು. ಕಡಿಮೆ ಕೊಡುವುದನ್ನು ಕೀಳಿಸಿ ಹೊಸ ಸಸಿ ನೆಡುತ್ತಾನಂತೆ. "ಲೆಕ್ಕದ ಟೀಚರ್ ಮನೇಲೇ ಇರುವಾಗ ಹೊರಗಿನವರು ಯಾಕೆ?" ಎಂದ. ನಾನೂ ಹಿಗ್ಗಿ ಒಪ್ಪಿಕೊಂಡೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು!

ಮರ ಅಲ್ಲಾಡಿಸುವ ಯಂತ್ರದ ಡ್ರೈವರನನ್ನು ಎಲ್ಲರೂ ಭೂಕಂಪ ಎನ್ನುತ್ತಾರೆ. ಯಂತ್ರ ಬೊಡ್ಡೆ ಹಿಡಿದು ನಾಲ್ಕು ಸಲ ಜಾಡಿಸಿದರೆ ಮರ ಬರಿದು. ನಾನು ಟಾರ್ಪಾಲಿನ ಮೇಲೆ ಬಿದ್ದ ಕಾಯಿ ಒಟ್ಟುಮಾಡಿ, ಎಲೆಕಡ್ಡಿ ಆರಿಸಿ ತೂಗುವಷ್ಟರಲ್ಲಿ ಆ ಮಹಾರಾಯ ಪಕ್ಕದ ಮರವನ್ನೂ ಜಾಡಿಸಿಬಿಡುತ್ತಾನೆ. ಎರಡರ ಕಾಯಿಯೂ ಒಂದೇ ರಾಶಿ. ಯಾವುದು ಯಾವ ಮರದ್ದೆಂದು ಬಾದಾಮಿಯನ್ನೇ ಕೇಳಬೇಕು.

"ಸ್ವಲ್ಪ ತಡಿಯಪ್ಪಾ" ಎಂದರೆ, "ಮೇಡಂ, ಸಂಜೆಯೊಳಗೆ ಈ ಸಾಲು ಮುಗೀಬೇಕು. ನಿಮ್ ತಕ್ಕಡಿಗೋಸ್ಕರ ಇಂಜಿನ್ ಆಫ್ ಮಾಡ್ಕೊಂಡು ಕೂರಕ್ಕಾಗುತ್ತಾ?" ಎನ್ನುತ್ತಾನೆ.

ಮೊನ್ನೆ ನಾನೂ ಹಟ ಹಿಡಿದೆ. ಮುಂದಿನ ಮರಕ್ಕೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತೆ. "ಅಲ್ಲಾಡಿಸು, ನನ್ನನ್ನೂ ಸೇರಿಸಿ ತೂಗೋಣ" ಎಂದೆ. ಇಂಜಿನ್ ನಿಂತಿತು. ಅಣ್ಣ ಓಡಿ ಬಂದ.

"ಏನೇ ಪುಟ್ಟಿ ಇದು? ಎರಡೂ ಮರ ಸೇರಿಸಿ ತೂಗಿ ಅರ್ಧ ಮಾಡ್ಕೊ. ಸರಾಸರಿ ಸಾಕು."

"ಒಬ್ಬಳು ನೂರು ತಗೊಂಡು ಪಕ್ಕದವಳು ಸೊನ್ನೆ ತಗೊಂಡ್ರೆ, ಇಬ್ಬರಿಗೂ ಐವತ್ತು ಕೊಟ್ಟು ಪಾಸ್ ಮಾಡ್ಲಾ?"

ಮೊದಲು ನಕ್ಕವನು ಭೂಕಂಪನೇ. "ಹಂಗೆ ಪಾಸ್ ಮಾಡಿದ್ರೆ ನಾನೂ ಸ್ಕೂಲ್ ಬಿಡ್ತಿರ್ಲಿಲ್ಲ ಮೇಡಂ" ಎಂದ. ಅಂದಿನಿಂದ ಇಲ್ಲೊಂದು, ಆಚೆ ಸಾಲಿನಲ್ಲೊಂದು ಮರ ಜಾಡಿಸುತ್ತ ನನಗೆ ಬಿಡುವು ಕೊಡುತ್ತಿದ್ದಾನೆ. ಗೊಣಗುವುದನ್ನು ಮಾತ್ರ ಬಿಟ್ಟಿಲ್ಲ.

ನನ್ನವರು ತೀರಿಕೊಂಡ ಮೇಲೆ ಇದೇ ಮೊದಲ ಸಲ, ಬೆಳಿಗ್ಗೆ ಎದ್ದ ಕೂಡಲೇ ಮಾಡಬೇಕಾದ ಕೆಲಸ ನೆನಪಾಗುತ್ತದೆ ಅಕ್ಕ. ಇನ್ನೊಂದು ಗೊತ್ತಾ? ಮುಪ್ಪಾಯಿತೆಂದು ಎಲ್ಲರೂ ಕೈಬಿಟ್ಟಿದ್ದ ಮೂಲೆಯ ಸಾಲೇ ಎಲ್ಲಕ್ಕಿಂತ ಹೆಚ್ಚು ತೂಗಿತು! ನಾಳೆ ಅಣ್ಣನಿಗೆ ಹೇಳುತ್ತೇನೆ. ಅವನ ಮುಖ ನೋಡಬೇಕು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಮಂಡಿನೋವು ಬೇಗ ವಾಸಿಯಾಗಲಿ.

ನಿನ್ನ
ಪುಟ್ಟಿ

ತಾ.ಕ.: ನಾಳೆಯವರೆಗೆ ತಡೆಯಲಾಗದೆ ಅಣ್ಣನಿಗೆ ಹೇಳಿಯೇ ಬಿಟ್ಟೆ. ಮೂಲೆಯ ಸಾಲೂ ಸೇರಿ ಹಳೆಯ ಮರಗಳನ್ನೆಲ್ಲ ಕೀಳುವುದೆಂದು ಕೊಯ್ಲಿಗೆ ಮೊದಲೇ ತೀರ್ಮಾನವಾಗಿತ್ತಂತೆ. "ಮತ್ತೆ ನನ್ನ ಕೈಲಿ ಯಾಕೆ ತೂಗಿಸ್ದೆ?" ಎಂದೆ. ನೆಲ ನೋಡುತ್ತ, "ನೀನು ಸುಮ್ನೆ ಕೂತು ಕೊರಗಬಾರದು, ಏನಾದ್ರೂ ಕೆಲಸ ಕೊಡು ಅಂತ ಅಕ್ಕನೇ ಹೇಳಿದ್ಲು" ಎಂದ.

ಹೌದೇನೇ ಅಕ್ಕ? ಅಳುವ ಮಗುವಿನ ಕೈಗೆ ಗಿಲಕಿ ಕೊಟ್ಟ ಹಾಗೆ ಕೊಟ್ಟಿರಾ? ನಾನು ಒಂದು ಕಾಯಿಯನ್ನೂ ಬಿಡದೆ ತೂಗಿದ್ದೆ. ಇನ್ನೂ ಕೆಲವು ಮರ ಬಾಕಿಯಿವೆ. ಸೋಮವಾರ ಹೋಗಿ ಅವನ್ನೂ ತೂಗುತ್ತೇನೆ. ಕೀಳುವ ಮೊದಲು ಅವು ಎಷ್ಟು ಕೊಟ್ಟವೆಂದು ಯಾರಾದರೊಬ್ಬರಿಗೆ ಗೊತ್ತಿರಬೇಕು.